ಗಡುವಿಗೆ ಮುಂಚೆ ಮುಗಿದ ತಪ್ಪು

ಕಾಲೇಜುಗಳ ವಿದ್ಯಾರ್ಥಿವೇತನ ವಿಭಾಗದ ಬಗ್ಗೆ ಎಲ್ಲರೂ ಒಪ್ಪಿಕೊಂಡುಬಿಟ್ಟಿರುವ ಒಂದು ಮಾತಿದೆ. ಕೇಂದ್ರಕ್ಕೆ ಹೋಗಬೇಕಾದ ವಾರ್ಷಿಕ ಅಂಕಿಅಂಶ ತಡವಾಗುವುದು, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಎನ್‌ಎಸ್‌ಪಿಯಲ್ಲಿ ಅರ್ಜಿಗಳು ಪರಿಶೀಲನೆಯಾಗದೆ ಉಳಿಯುವುದು, ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಕೊನೆಯ ದಿನ ಸರ್ವರ್ ಕೈಕೊಡುವುದು, ಇವೆಲ್ಲಕ್ಕೂ ಕಾರಣ ಕಾರಕೂನರು ತಡವಾಗಿ ಕೆಲಸ ಹಿಡಿಯುವುದು ಎಂಬ ಮಾತು. ಕಾರ್ಯಾಗಾರಗಳಲ್ಲಿ ಔಷಧವೂ ಸಿದ್ಧ: ಜೂನ್‌ನಲ್ಲೇ ಫೈಲ್ ತೆರೆಯಿರಿ, ಝೆರಾಕ್ಸ್ ಮುಂಚೆಯೇ ತರಿಸಿಕೊಳ್ಳಿ, ಚೆಕ್‌ಲಿಸ್ಟ್ ಗೋಡೆಗೆ ಅಂಟಿಸಿ. ಈ ಸಲಹೆಯಲ್ಲಿ ಸುಳ್ಳಿಲ್ಲ. ಆದರೆ ತಾರೀಖಿನ ಲೆಕ್ಕ ಹಾಕುತ್ತಾ ಕೂತವರು, ವರದಿಯ ಒಳಗಿರುವುದು ನಿಜವೇ ಎಂದು ಕೇಳುವುದನ್ನೇ ಬಿಟ್ಟಿದ್ದಾರೆ. ನನ್ನ ಜಗಳ ಅಲ್ಲಿ.

ವ್ಯವಸ್ಥೆ ಗೊತ್ತಿದ್ದದ್ದೇ. 2010-11ರಿಂದ ನಡೆಯುತ್ತಿರುವ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಗೆ ಪ್ರತಿ ಕಾಲೇಜೂ ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕು. ಎಷ್ಟು ಮಂದಿ ಕಲಿಯುತ್ತಿದ್ದಾರೆ, ಯಾವ ವರ್ಗದವರು, ಎಷ್ಟು ಜನಕ್ಕೆ ವಿದ್ಯಾರ್ಥಿವೇತನ ಸಿಕ್ಕಿತು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಆ ಸಮೀಕ್ಷೆಯ ಕೋಡ್ ಇಲ್ಲದೆ ಕಾಲೇಜು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅಂದರೆ ವರದಿಗೂ ಹುಡುಗರ ಹಣಕ್ಕೂ ನೇರ ನಂಟು ಬಿದ್ದಿದೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಕೇಂದ್ರ-ರಾಜ್ಯಗಳ 60:40ರ ಪಾಲಿನಲ್ಲಿ ಹೊಸದಾಗಿ ಕಟ್ಟಿದಾಗ, ಪ್ರತಿ ಸಂಸ್ಥೆಯೂ ಆರು ತಿಂಗಳಿಗೊಮ್ಮೆ ತನ್ನ ಲೆಕ್ಕವನ್ನು ತಾನೇ ತಪಾಸಿಸಿ ವರದಿ ಕೊಡಬೇಕೆಂದು ಹೇಳಿತು. ಯೋಜನೆಯ ಒಟ್ಟು ವೆಚ್ಚವಾದ 59,048 ಕೋಟಿ ರೂಪಾಯಿಯ ದೊಡ್ಡ ಅಂಕಿ ಎಲ್ಲರ ಬಾಯಲ್ಲೂ ಓಡಾಡಿತು. ಈ ಸಣ್ಣ ಷರತ್ತಿನ ಚರ್ಚೆ ಮಾತ್ರ ನನ್ನ ಕಿವಿಗೆ ಬೀಳಲೇ ಇಲ್ಲ.

ಈಗ ಬಾಗಲಕೋಟೆ ಜಿಲ್ಲೆಯ ಒಂದು ಪ್ರವೇಶ ಪುಸ್ತಕ ತೆರೆಯೋಣ. ಇಳಕಲ್ಲ-ಹುನಗುಂದದ ಕಡೆ, ಚಿತ್ತರಗಿ ವಿಜಯ ಮಹಾಂತೇಶರ ಮಠದ ಒಕ್ಕಲಲ್ಲಿ, ಓಣಿಗೆ ನಾಲ್ಕು ಜನ ಮಹಾಂತೇಶರು. ಒಬ್ಬ ದಾಖಲೆಯಲ್ಲಿ ಮಾಂತೇಶ, ಇನ್ನೊಬ್ಬ ಮಹಾಂತಪ್ಪ. ಬಾದಾಮಿಯ ಕಡೆ ಹುಡುಗಿಗೆ ಬನಶಂಕರಿಯ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಆಕೆ ಬನಶಂಕರಿ, ಆಧಾರ್‌ನಲ್ಲಿ ಬನಶಂಕ್ರೆವ್ವ, ಪಾಸ್‌ಬುಕ್ಕಿನಲ್ಲಿ ಇಂಗ್ಲಿಷಿನ ಮೂರನೇ ಕಾಗುಣಿತ. ಇದರ ಮೇಲೆ ತನ್ನ ಹೆಸರು, ತಂದೆ ಹೆಸರು, ಅಡ್ಡಹೆಸರು ಎಂಬ ನಮ್ಮ ಕಡೆಯ ಪದ್ಧತಿ. ಒಂದು ಕಾಗದದಲ್ಲಿ ಅಡ್ಡಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಈ ಹುಡುಗಿಯ ಕಾಗದಗಳನ್ನು ಜೂನ್‌ನಲ್ಲಿ ತರಿಸಿಕೊಂಡರೇನು, ನವೆಂಬರ್‌ನಲ್ಲಿ ತರಿಸಿಕೊಂಡರೇನು? ಪೋರ್ಟಲ್ ಹೇಳುವುದು ಒಂದೇ: ಹೆಸರು ತಾಳೆಯಾಗುತ್ತಿಲ್ಲ.

ಹಣದ ದಾರಿಯೂ ಹೀಗೆಯೇ. ಚೆಕ್‌ಲಿಸ್ಟ್ ಪಾಸ್‌ಬುಕ್ಕಿನ ಝೆರಾಕ್ಸ್ ಕೇಳುತ್ತದೆ. ಆಧಾರ್ ಆಧಾರಿತ ನೇರ ವರ್ಗಾವಣೆಯಲ್ಲಿ ಹಣ ಹೋಗುವುದು ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ. ಮೊಬೈಲ್ ಅಂಗಡಿಯಲ್ಲಿ ಯಾವತ್ತೋ ಹೆಬ್ಬೆಟ್ಟು ಒತ್ತಿ ತೆರೆದ ಖಾತೆ ಅದಾಗಿದ್ದರೆ, ಹುಡುಗಿ ತನ್ನ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಅಲೆಯುತ್ತಾಳೆ. ಕಾಲೇಜಿನ ಪುಸ್ತಕದಲ್ಲಿ ಆಕೆಯ ಅರ್ಜಿ ‘ಮಂಜೂರು’. ವಾರ್ಷಿಕ ವರದಿಯಲ್ಲೂ ಆಕೆ ಫಲಾನುಭವಿ.

ಬೇಗ ಶುರುಮಾಡಿದರೆ ತಿದ್ದಿಕೊಳ್ಳಲು ವೇಳೆಯಾದರೂ ಸಿಗುತ್ತದಲ್ಲ ಎಂದು ಹಿರಿಯ ಸೂಪರಿಂಟೆಂಡೆಂಟರೊಬ್ಬರು ವಾದಿಸಬಹುದು. ಅರ್ಧ ಒಪ್ಪುತ್ತೇನೆ. ಆದರೆ ಯಾರು ತಿದ್ದುತ್ತಾರೆ? ಅಂಕಪಟ್ಟಿಯ ತಪ್ಪು ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು. ಆಧಾರ್ ತಿದ್ದುಪಡಿಗೆ ಸೇವಾಕೇಂದ್ರದಲ್ಲಿ ಸರದಿ ನಿಲ್ಲಬೇಕು. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಇವುಗಳಲ್ಲಿ ಒಂದರ ಅಧಿಕಾರವೂ ಕಾಲೇಜಿನ ಕಾರಕೂನನಿಗಿಲ್ಲ. ಜತೆಗೆ ಒಟಿಪಿ ಅಪ್ಪನ ಫೋನಿಗೆ ಬರುತ್ತದೆ, ಅಪ್ಪ ಗೋವಾಕ್ಕೆ ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿರುತ್ತಾನೆ.

ಇಲ್ಲಿ ನನಗೆ ಕಾರ್ಯಾಗಾರದ ಕ್ಯಾಲೆಂಡರ್ ಮೇಲೆಯೇ ಅನುಮಾನ. ಪುಷ್ಯ ಮಾಸದ ಬನದ ಹುಣ್ಣಿಮೆಗೆ, ಹೆಚ್ಚಾಗಿ ಜನವರಿಯಲ್ಲಿ, ಬಾದಾಮಿ ಹತ್ತಿರದ ಚೊಳಚಗುಡ್ಡದ ಬಳಿ ಬನಶಂಕರಿ ಜಾತ್ರೆ ಕೂಡುತ್ತದೆ. ನಾಟಕ ಕಂಪನಿಗಳು ವಾರಗಟ್ಟಲೆ ಬೀಡುಬಿಡುತ್ತವೆ. ಕಾಲೇಜು ಕಚೇರಿಗಳ ಲೆಕ್ಕದಲ್ಲಿ ಅದು ಹಾಳಾದ ವಾರ, ಸಿಬ್ಬಂದಿ ರಜೆ, ಹುಡುಗರು ತೇರಿನ ಹಿಂದೆ. ನನಗೆ ಕಾಣುವುದು ತಿರುಗುಮುರುಗಾಗಿ. ಗುಳೆ ಹೋದವರು ಊರಿಗೆ ಬರುವ ಹಬ್ಬಗಳಲ್ಲಿ ಜಾತ್ರೆಯೂ ಒಂದು. ತಂದೆ, ತಂದೆಯ ಫೋನು, ತಂದೆಯ ಹೆಬ್ಬೆಟ್ಟು ಮೂರೂ ಒಟ್ಟಿಗೆ ಸಿಗುವ ದಿನ. ಮುಂದಿನ ವರ್ಷದ ತಯಾರಿ ಈ ತಾಲೂಕಿನಲ್ಲಿ ಶುರುವಾಗಬೇಕಾದದ್ದು ಆಗ. ಜೂನ್ ಇಲ್ಲಿಯ ಬಡವನ ಕ್ಯಾಲೆಂಡರ್‌ನಲ್ಲಿ ಬಿತ್ತನೆಯ ತಿಂಗಳು.

ಸಮಯಪಾಲನೆಯನ್ನೇ ಗುಣವೆಂದು ನಂಬಿದವರು 2023ರ ಆಗಸ್ಟ್‌ನ ಸುದ್ದಿಯನ್ನು ಮತ್ತೊಮ್ಮೆ ಓದಬೇಕು. ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ ತನ್ನ ವಿದ್ಯಾರ್ಥಿವೇತನ ಯೋಜನೆಯಲ್ಲಿ ತಪಾಸಣೆ ಮಾಡಿಸಿದ 1,572 ಸಂಸ್ಥೆಗಳಲ್ಲಿ 830 ನಕಲಿ ಅಥವಾ ಕೆಲಸ ನಿಲ್ಲಿಸಿದವು ಎಂದು ಕಂಡುಬಂತು. 144.83 ಕೋಟಿ ರೂಪಾಯಿ ನಷ್ಟದ ಪ್ರಕರಣ ಸಿಬಿಐಗೆ ಹೋಯಿತು. ಆ ಸಂಸ್ಥೆಗಳ ಅರ್ಜಿಗಳು ಗಡುವು ಮೀರಿದ್ದರೆ ಅವಕ್ಕೆ ಹಣವೇ ಬರುತ್ತಿರಲಿಲ್ಲ. ಎಲ್ಲ ಕೋಷ್ಟಕ ತುಂಬಿತ್ತು, ಎಲ್ಲ ಪರಿಶೀಲನೆ ದಾಟಿತ್ತು. ವಿದ್ಯಾರ್ಥಿಯೇ ಇಲ್ಲದ ಕಡೆ ಹೆಸರು ತಾಳೆಯಾಗದ ಸಮಸ್ಯೆಯೂ ಇರುವುದಿಲ್ಲ. ಕಳ್ಳನಿಗೆ ಮುಂಚಿತ ತಯಾರಿ ಬಹಳ ಸುಲಭ. ಆಮೇಲೆ ಬಂದ, ಪ್ರತಿ ಸಂಸ್ಥೆಯ ವಿದ್ಯಾರ್ಥಿವೇತನ ನೋಡಲ್ ಅಧಿಕಾರಿಯ ಬಯೋಮೆಟ್ರಿಕ್ ದೃಢೀಕರಣದ ಭಾರ ಬಿದ್ದದ್ದು ಪಾಠದ ನಡುವೆ ಈ ಕೆಲಸವನ್ನೂ ಹೊತ್ತ ಪ್ರಾಮಾಣಿಕ ಅಧ್ಯಾಪಕರ ಮೇಲೆಯೂ.

ಅಮೆರಿಕದ ಕಾಲೇಜುಗಳನ್ನು ತೋರಿಸುವವರಿದ್ದಾರೆ, ತೋರಿಸಲಿ. ಅಲ್ಲಿ ಫಿಸಾಪ್ ಎಂಬ ವಾರ್ಷಿಕ ಲೆಕ್ಕ ಸುಮಾರು ಅಕ್ಟೋಬರ್ ಒಂದರೊಳಗೆ ಫೆಡರಲ್ ಶಿಕ್ಷಣ ಇಲಾಖೆಗೆ ಹೋಗಬೇಕು. ಆದರೆ ಲೆಕ್ಕದ ವರ್ಷ ಜೂನ್ 30ಕ್ಕೇ ಮುಗಿದಿರುತ್ತದೆ, ಫಾರ್ಮು ತೆರೆಯುವುದು ಆಗಸ್ಟ್‌ನಲ್ಲಿ, ತಿದ್ದುಪಡಿಗೆ ಡಿಸೆಂಬರ್ ಮಧ್ಯದವರೆಗೆ ಅವಕಾಶ. ಅಲ್ಲಿ ಬೇಗ ತಯಾರಾಗುವುದೆಂದರೆ ಮುಚ್ಚಿದ ಪುಸ್ತಕವನ್ನು ಬ್ಯಾಂಕ್ ಲೆಕ್ಕದೊಂದಿಗೆ ತಾಳೆ ನೋಡುವುದು. ನಮ್ಮಲ್ಲಿ ಪೋರ್ಟಲ್ ಯಾವಾಗ ತೆರೆಯುತ್ತದೆ ಎಂಬುದೇ ವರ್ಷದಿಂದ ವರ್ಷಕ್ಕೆ ಬೇರೆ, ಕೊನೆಯ ದಿನಾಂಕ ಮುಂದೆ ಹೋಗುತ್ತಲೇ ಇರುತ್ತದೆ. 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ವರದಿ ಪ್ರಕಟವಾದದ್ದು 2024ರ ಜನವರಿಯಲ್ಲಿ. ಮೇಲಿನವರಿಗೆ ಇಷ್ಟು ಪುರುಸೊತ್ತಿದ್ದರೆ, ಇಳಕಲ್ಲಿನ ಗುಮಾಸ್ತನೊಬ್ಬನ ಹತ್ತು ದಿನದ ವಿಳಂಬವನ್ನು ರಾಷ್ಟ್ರೀಯ ಸಮಸ್ಯೆ ಮಾಡಬೇಕಿಲ್ಲ.

ಹಾಗೆಂದು ಕಾಲೇಜುಗಳನ್ನು ನಾನು ಸುಮ್ಮನೆ ಬಿಡುವುದಿಲ್ಲ. ಪ್ರಾಚಾರ್ಯರ ಲಾಗಿನ್ನು ಪಾಸ್‌ವರ್ಡು ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್ ಕೈಯಲ್ಲಿರುವ ಕಡೆ, ತಿರಸ್ಕೃತ ಅರ್ಜಿಗಳ ಪಟ್ಟಿಯನ್ನು ಪ್ರಾಚಾರ್ಯರು ಒಮ್ಮೆಯೂ ಓದಿರುವುದಿಲ್ಲ. ಸಮೀಕ್ಷೆಯ ಕೋಷ್ಟಕಕ್ಕೆ ಹೋದ ವರ್ಷದ ಅಂಕಿಗೆ ಸ್ವಲ್ಪ ಹೆಚ್ಚುಕಡಿಮೆ ಸೇರಿಸಿ ಕಳಿಸುವ ಪಾಠವನ್ನು ಯಾವ ಕಾರ್ಯಾಗಾರವೂ ಕಲಿಸಿಲ್ಲ, ಅದು ತಾನಾಗಿ ಬಂದದ್ದು. ಪ್ರವೇಶದ ಕೌಂಟರಿನಲ್ಲೇ ಮೂರು ಕಾಗದ ಪಕ್ಕಪಕ್ಕ ಇಟ್ಟು ಹೆಸರು ನೋಡಿದ್ದರೆ, ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಹುಡುಗಿಯ ಎದುರೇ ಪರಿಶೀಲಿಸಿದ್ದರೆ, ವರದಿ ಬರೆಯುವ ಕೆಲಸದ ಬಹುಪಾಲು ಅಲ್ಲೇ ಮುಗಿದಿರುತ್ತಿತ್ತು. ಆರು ತಿಂಗಳ ಆ ಸ್ವಯಂ ತಪಾಸಣೆಯಲ್ಲಿ ನಾನು ಕೇಳುವುದು ನಾಲ್ಕೇ ಕಲಮು: ಅರ್ಜಿ ಹಾಕಿದವರು, ಪರಿಶೀಲನೆ ದಾಟಿದವರು, ತಿರಸ್ಕೃತರಾದವರು ಕಾರಣದೊಂದಿಗೆ, ಹಣ ನಿಜವಾಗಿ ಖಾತೆಗೆ ಬಂದವರು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವಿನ ಅಂತರವನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಪ್ರಾಚಾರ್ಯರೇ ಓದಬೇಕು.

ಪ್ರವೇಶದ ಗದ್ದಲದಲ್ಲಿ ಇದಕ್ಕೆಲ್ಲ ಕೈ ಎಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದು. ಕೈ ಇಲ್ಲ. ಹಾಗಾಗಿ ಆ ಕೆಲವು ವಾರಗಳಿಗೆ ಇನ್ನೊಬ್ಬರನ್ನು ಸಂಬಳ ಕೊಟ್ಟು ಕೂರಿಸಬೇಕು. ಆ ಸಂಬಳ ಆಡಳಿತ ಮಂಡಳಿಯ ಖಜಾನೆಯಿಂದ ಹೋಗಬೇಕು, ‘ಸ್ಕಾಲರ್‌ಶಿಪ್ ಪ್ರೊಸೆಸಿಂಗ್’ ಹೆಸರಿನ ರಸೀದಿಯಾಗಿ ಬನಶಂಕ್ರೆವ್ವನ ಕೈಗೆ ಬರಬಾರದು.