ಬೆಳೆಯುವ ಸಿರಿ ಮೊಳಕೆಯಲ್ಲಿಲ್ಲ

ನೀವೂ ನೋಡಿರ್ತೀರಿ. ಮೂವತ್ತು ಸೆಕೆಂಡಿನ ವಿಡಿಯೋ. ಅಂಗಡಿಯಿಂದ ತಂದ ಸಿಹಿಕುಂಬಳದ ಹೋಳು, ತಿರುಳಿನಿಂದ ಬೀಜ ಬಿಡಿಸುವ ಕೈ, ಒದ್ದೆ ಟಿಶ್ಯೂ ಪೇಪರ್, ಹಿನ್ನೆಲೆಗೆ ಪಿಯಾನೋ. ನಾಲ್ಕೈದು ದಿನಕ್ಕೆ ಮೊಳಕೆ, ಮುಂದಿನ ಶಾಟ್‌ನಲ್ಲಿ ಎರಡು ದಪ್ಪ ಎಲೆ, ಮೇಲೆ ‘ಇನ್ನು ಬೀಜಕ್ಕೆ ದುಡ್ಡು ಕೊಡಬೇಡಿ’ ಅನ್ನೋ ಬರಹ. ಮುಗೀತು. ಕಾಯಿ ಎಲ್ಲಿ? ಯಾರೂ ತೋರಿಸಲ್ಲ.

ಸಿನಿಮಾ ವಿಮರ್ಶೆಯಲ್ಲಿ ‘ಸೆಕೆಂಡ್ ಹಾಫ್ ಎಳೆದಿದ್ದಾರೆ’ ಅಂತ ಬರೀತಾರಲ್ಲ, ಈ ವಿಡಿಯೋಗಳಿಗೆ ಸೆಕೆಂಡ್ ಹಾಫೇ ಇಲ್ಲ. ನನ್ನ ತಕರಾರು ಅದೇ.

ಇದನ್ನ ದೂರ ನಿಂತು ಹೇಳ್ತಿಲ್ಲ. ವರ್ಕ್ ಫ್ರಮ್ ಹೋಮ್ ಅಂತ ಬೆಂಗಳೂರು ಬಿಟ್ಟು ಶಿವಮೊಗ್ಗದ ವಿದ್ಯಾನಗರದ ಮನೆಗೆ ಬಂದಿದ್ದಾಗ, ನಾನೂ ಅರ್ಧ ಕೆಜಿ ಹೋಳಿನಿಂದ ಬೀಜ ತೆಗೆದು ಟೆರೇಸ್‌ ಮೇಲೆ ನಾಲ್ಕು ಗಿಡ ಎಬ್ಬಿಸಿದೆ. ಒಂದೇ ಅಳತೆಯ ಡ್ರಮ್ಮು, ಒಂದೇ ಮಣ್ಣು, ಒಂದೇ ನೀರು. ಒಂದರಲ್ಲಿ ಕೊಂಡುತಂದಂಥದ್ದೇ ಕೇಸರಿ ತಿರುಳಿನ ಕಾಯಿ. ಇನ್ನೊಂದರದ್ದು ಬಿಳಿಚಿಕೊಂಡು, ಹುಳಿಗೆ ಹಾಕಿದರೆ ಕರಗಿ ನೀರಾಯ್ತು. ಮೂರನೆಯದು ಪಿಂದೆಗಳನ್ನೆಲ್ಲ ಉದುರಿಸಿತು. ನಾಲ್ಕನೆಯದು ಬರೀ ಗಂಡುಹೂ ಬಿಟ್ಟು ಒಣಗಿತು. ಅಮ್ಮ ನೋಡಿ, “ಒಂದೇ ಹೊಟ್ಟೇಲಿ ಹುಟ್ಟಿದ್ದು ಅಂತ ಯಾರು ಹೇಳ್ತಾರೋ ಇದನ್ನ!” ಅಂದರು.

ಅಮ್ಮ ತಮಾಷೆಗೆ ಹೇಳಿದ್ದೇ ವಿಜ್ಞಾನ. ಮಾರುಕಟ್ಟೆಗೆ ಬರುವ ಎಷ್ಟೋ ತರಕಾರಿ ಹೈಬ್ರಿಡ್. ಎರಡು ಬೇರೆ ತಳಿ ಸೇರಿಸಿದಾಗ ಮಕ್ಕಳೆಲ್ಲ ಒಂದೇ ಥರ ಇರ್ತವೆ, ಮೊಮ್ಮಕ್ಕಳು ಮಾತ್ರ ಒಂದೊಂದು ಒಂದೊಂದು ದಿಕ್ಕು. ನಾವು ಬಿತ್ತೋದು ಆ ಮೊಮ್ಮಕ್ಕಳನ್ನ. ಹೈಬ್ರಿಡ್ ಅಲ್ಲದಿದ್ದರೂ ಕುಂಬಳದಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಪರಾಗ ತರೋದು ಜೇನು, ಅದು ಯಾವ ಹಿತ್ತಲಿಂದ ಬಂತೋ ಗೊತ್ತಿಲ್ಲ. ಕಾಯಿ ನೋಡಿದರೆ ತಾಯಿ ಗೊತ್ತಾಗಬಹುದು, ತಂದೆ ಯಾರಂತ ಗೊತ್ತಾಗೋದು ಬೀಜ ಬಿತ್ತಿ, ಬಳ್ಳಿ ಹಬ್ಬಿ, ಮತ್ತೆ ಕಾಯಿ ಕೊಯ್ದ ಮೇಲೆ.

ಇದರಲ್ಲಿ ಸುಮ್ಮನೆ ಬಿಡಬಾರದ ಒಂದು ಮಾತಿದೆ. ಈ ಕುಟುಂಬದ ಕಾಯಿಗಳಲ್ಲಿ ಕೆಲವೊಮ್ಮೆ ಕುಕುರ್ಬಿಟಾಸಿನ್ ಅನ್ನೋ ಕಹಿ ವಿಷ ಸೇರಿಕೊಳ್ಳುತ್ತದೆ. ಗೊತ್ತಿಲ್ಲದ ಪರಾಗದಿಂದ ಹುಟ್ಟಿದ ಗಿಡದಲ್ಲಿ ಅದು ದಿಢೀರಂತ ಕಾಣಿಸಿಕೊಳ್ಳಬಹುದು, ಬೇಯಿಸಿದರೂ ಹೋಗಲ್ಲ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿ ಸೋರೆಕಾಯಿ ರಸ ಕುಡಿದು ತೀರಿಕೊಂಡರು. ಹಾಗಾಗಿ ಮನೆಯ ಕುಂಬಳ ಕೊಯ್ದಾಗ ಹಸಿ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಉಗಿದು, ಇಡೀ ಕಾಯಿ ಎಸೆಯಿರಿ. ಯಾವ ವಿಡಿಯೋದಲ್ಲೂ ಈ ಮಾತು ನನಗೆ ಸಿಗಲಿಲ್ಲ.

ಹಾಗಂತ ‘ಅಂಗಡಿ ಬೀಜ ಹುಟ್ಟೋದೇ ಇಲ್ಲ, ಎಲ್ಲ ಬಂಜೆ ಬೀಜ’ ಅನ್ನೋ ಇನ್ನೊಂದು ಗುಂಪೂ ಸುಳ್ಳೇ ಹೇಳುತ್ತದೆ. ಬಲಿತ ಸಿಹಿಕುಂಬಳದ ಬೀಜ ಚೆನ್ನಾಗೇ ಹುಟ್ಟುತ್ತದೆ, ಹೈಬ್ರಿಡ್ ಆದರೂ. ಹುಟ್ಟದೇ ಇರೋದು ಎಳೆಯದರಲ್ಲೇ ಕೊಯ್ಯುವ ಜುಕಿನಿ, ಸೌತೆಯಂಥವುಗಳ ಬೀಜ. ಬೀಜ ಉಳಿಸೋದು ಕಳ್ಳತನವೂ ಅಲ್ಲ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಬೀಜ ಉಳಿಸುವ, ಬಿತ್ತುವ, ಹಂಚುವ, ಬ್ರ್ಯಾಂಡ್ ಹಾಕದೆ ಮಾರುವ ಹಕ್ಕನ್ನೂ ಕೊಟ್ಟಿದೆ. ಕುಂಬಳಕಾಯಿ ಕಳ್ಳ ಅಂದರೆ ನಾವು ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗಿಲ್ಲ.

ಹಾಗಾದರೆ ಆಕ್ಷೇಪ ಯಾವುದಕ್ಕೆ? ‘ಫ್ರೀ’ ಅನ್ನೋ ಮಾತಿಗೆ. ನನ್ನಜ್ಜಿ ಬೀಜಕ್ಕೆ ಯಾವತ್ತೂ ದುಡ್ಡು ಕೊಟ್ಟವರಲ್ಲ. ಆದರೆ ಬಳ್ಳಿಯ ಅತಿ ಒಳ್ಳೆಯ ಕಾಯಿಯನ್ನು ಅಡಿಗೆಗೆ ಕೊಡದೆ ಅಟ್ಟಕ್ಕೆ ಏರಿಸುತ್ತಿದ್ದರು. ಬೀಜ ತೊಳೆದು, ನೆರಳಲ್ಲಿ ಆರಿಸಿ, ಸಗಣಿಗೆ ಒತ್ತಿ ಗೋಡೆಗೆ ತಟ್ಟುತ್ತಿದ್ದರು. ಬೆಲೆ ಇತ್ತು, ಅದನ್ನ ಆಯ್ಕೆಯಲ್ಲಿ ಕೊಡುತ್ತಿದ್ದರು. ಶಿರಸಿಯ ವನಸ್ತ್ರೀ ಬಳಗದ ಹೆಣ್ಣುಮಕ್ಕಳು ಇವತ್ತಿಗೂ ಬೀಜ ಹಂಚಿಕೊಳ್ಳೋದು ಇಂಥ ಆಯ್ಕೆಯ ಬಲದ ಮೇಲೇ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ಕೂಡ ಆರಿಸಿ ಆರಿಸಿ ಮಾಡಿದ ತಳಿಯೇ, ಹೈಬ್ರಿಡ್ ಅಲ್ಲ. ಬೇರೆ ಪರಾಗ ತಾಗದಂತೆ ನೋಡಿಕೊಂಡರೆ ಮುಂದಿನ ವರ್ಷವೂ ಹಾಗೇ ಬರುತ್ತದೆ.

ಈ ಸಲ ನಾನು ಆ ಕೇಸರಿ ತಿರುಳಿನ ಕಾಯಿಯ ಬೀಜವನ್ನಷ್ಟೇ ಬಿತ್ತಿದೆ. ಮರುದಿನ ಅರಳಲಿರುವ ಒಂದು ಗಂಡುಮೊಗ್ಗಿಗೂ ಒಂದು ಹೆಣ್ಣುಮೊಗ್ಗಿಗೂ ಹಿಂದಿನ ಸಂಜೆಯೇ ದಾರ ಸುತ್ತಿದೆ. ಬೆಳಿಗ್ಗೆ ಬಿಚ್ಚಿ, ಪರಾಗ ತಾಗಿಸಿ, ಹೆಣ್ಣುಹೂವಿಗೆ ಮತ್ತೆ ದಾರ ಕಟ್ಟಿ, ಆಮೇಲೆ ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಕೂತೆ. ಮೊಮ್ಮಕ್ಕಳ ಜಗಳ ಒಂದೇ ವರ್ಷಕ್ಕೆ ಮುಗಿಯಲ್ಲ, ಇನ್ನೂ ಹಲವು ತಲೆಮಾರು ಹೀಗೇ ಆರಿಸಬೇಕು. ಕಾಯಿ ಈಗ ಅಟ್ಟದ ಮೇಲಿದೆ. ನಾನು ವಿಡಿಯೋ ಮಾಡಿದರೆ ಅಲ್ಲಿಂದ ಶುರು ಮಾಡ್ತೀನಿ.