ಕೇಳದೆ ಬೀಳುವ ಬೀಗ

ವಿಂಡೋಸ್ 11ರ 24ಎಚ್2 ಆವೃತ್ತಿ 2024ರಲ್ಲಿ ಬಂದಾಗ ಹೊಸ ಯಂತ್ರಗಳ ನಡವಳಿಕೆಯೊಂದು ಸದ್ದಿಲ್ಲದೆ ಬದಲಾಯಿತು. ಹೊಸ ಲ್ಯಾಪ್‌ಟಾಪಿನಲ್ಲೋ ಹೊಸದಾಗಿ ವಿಂಡೋಸ್ ಹಾಕಿಸಿದ ಯಂತ್ರದಲ್ಲೋ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಸಾಕು, ಡಿಸ್ಕ್ ತಾನೇ ಎನ್‌ಕ್ರಿಪ್ಟ್ ಆಗುತ್ತದೆ. ಸೌಲಭ್ಯ ಹಳೆಯದೇ, ಯಂತ್ರಾಂಶದ ಷರತ್ತು ಸಡಿಲವಾಗಿ ಅದೀಗ ಇನ್ನೂ ಹೆಚ್ಚು ಲ್ಯಾಪ್‌ಟಾಪುಗಳಿಗೆ ಇಳಿದಿದೆ. ಆ ಬೀಗ ತೆಗೆಯುವ 48 ಅಂಕಿಯ ರಿಕವರಿ ಕೀ ಆ ಖಾತೆಗೆ ಹೋಗಿ ಕೂರುತ್ತದೆ. ಇಷ್ಟೆಲ್ಲ ಆದದ್ದು ಲ್ಯಾಪ್‌ಟಾಪಿನ ಒಡೆಯನಿಗೆ ಗೊತ್ತಿರಬೇಕೆಂದೇನಿಲ್ಲ.

ಇದರ ಬಿಸಿ ತಟ್ಟುವುದು ವಿಜಯಪುರ, ಟಿಕೋಟಾ, ಬಬಲೇಶ್ವರದಂಥ ಊರುಗಳಲ್ಲಿ. ಇಲ್ಲಿ ಲ್ಯಾಪ್‌ಟಾಪ್ ಕೊಂಡವನಿಗೆ ಇಮೇಲ್ ಐಡಿ ಮಾಡಿಕೊಡುವವರು ಎಷ್ಟೋ ಸಲ ಅಂಗಡಿಯವರೇ. ಓಟಿಪಿ ಬರುವುದು ಅಲ್ಲಿನ ಹುಡುಗನ ಮೊಬೈಲಿಗೆ. ಒಣದ್ರಾಕ್ಷಿ ವ್ಯಾಪಾರದ ಲೆಕ್ಕ, ಮಗಳ ಮಾರ್ಕ್ಸ್ ಕಾರ್ಡ್, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಅರ್ಜಿ ಎಲ್ಲ ಆ ಲ್ಯಾಪ್‌ಟಾಪಿನಲ್ಲೇ. ಮದರ್‌ಬೋರ್ಡ್ ಹೋದರೆ ಮೊದಲೆಲ್ಲ ರಿಪೇರಿಯವನು ಡಿಸ್ಕ್ ಬಿಚ್ಚಿ, ಇನ್ನೊಂದು ಯಂತ್ರಕ್ಕೆ ಯುಎಸ್‌ಬಿ ಕೇಬಲ್ ಹಚ್ಚಿ ಫೈಲು ತೆಗೆದುಕೊಡುತ್ತಿದ್ದ. ಈಗ ಆ ಯಂತ್ರ ಕೇಳುವುದು 48 ಅಂಕಿ. ಖಾತೆಯ ಪಾಸ್‌ವರ್ಡ್ ನೆನಪಿಲ್ಲ, ಹುಡುಗ ಅಂಗಡಿ ಬಿಟ್ಟಿದ್ದಾನೆ ಎಂದರೆ ಡಿಸ್ಕ್ ಗಟ್ಟಿಯಾಗಿದ್ದೂ ಕಡತ ಸಿಗದು.

ಹಾಗೆಂದು ಮೊದಲೇ ಇಟ್ಟ ಆಯ್ಕೆಯನ್ನು, ಅಂದರೆ ಡೀಫಾಲ್ಟನ್ನು, ಬದಲಿಸಲೇಬಾರದು ಎನ್ನಲಾಗದು. 2009ರಲ್ಲಿ ಲಿನಕ್ಸ್ ಕರ್ನೆಲ್, ಕಡತ ಓದಿದಾಗಲೆಲ್ಲ ಸಮಯ ಬರೆದಿಡುವ ಪದ್ಧತಿಯನ್ನು ಕಡಿಮೆ ಮಾಡಿತು. ಡಿಸ್ಕಿಗೆ ಕೆಲಸ ಹಗುರಾಯಿತು. 2018ರಲ್ಲಿ ವಿಂಡೋಸ್ 10 ಪೆನ್‌ಡ್ರೈವುಗಳಂಥ ಹೊರ ಸಾಧನಗಳಿಗೆ ‘ಬೇಗ ಕಿತ್ತುಕೊಳ್ಳುವ’ ವ್ಯವಸ್ಥೆಯನ್ನೇ ಡೀಫಾಲ್ಟ್ ಮಾಡಿತು. ಬರೆಯುವ ವೇಗ ತುಸು ತಗ್ಗಬಹುದು, ಆದರೆ ಸರಕ್ಕನೆ ಕಿತ್ತರೂ ಕಡತ ಕೆಡುವ ಭಯ ಕಡಿಮೆ. ಇವೆರಡನ್ನೂ ಬೇಡವೆಂದವರು ಸೆಟ್ಟಿಂಗಿನಲ್ಲಿ ಹಿಂದಕ್ಕೆ ತಿರುಗಿಸಬಹುದು. ನಾನು ನೋಡುವುದು ಇದನ್ನೇ: ಹಿಂದಿರುಗಲು ಬೇಕಾದದ್ದು ಬಳಕೆದಾರನ ಕೈಯಲ್ಲೇ ಇದೆಯೋ, ಅವನಿಗೆ ಗೊತ್ತಿಲ್ಲದ ಜಾಗದಲ್ಲಿದೆಯೋ? ಎರಡನೆಯದಾದರೆ ಮೌನಕ್ಕೆ ಸಮರ್ಥನೆಯಿಲ್ಲ.

ಲ್ಯಾಪ್‌ಟಾಪ್ ಕಳುವಾದರೆ ಮಾಹಿತಿ ಕಳ್ಳನ ಪಾಲಾಗಬಾರದಲ್ಲ ಎನ್ನುತ್ತಾರೆ. ನಿಜ, ಎನ್‌ಕ್ರಿಪ್ಷನ್ ಬೇಕು. ನನ್ನ ತಕರಾರು ಹೇಳದೆ ಮಾಡುವುದರ ಬಗ್ಗೆ. ಕೇಳಿದರೂ ಜನ ಓದದೆ ‘ನೆಕ್ಸ್ಟ್’ ಒತ್ತುತ್ತಾರೆ ಎಂಬ ಮಾತು ಇನ್ನೂ ಗಟ್ಟಿಯಾದದ್ದು. ಆದರೆ ಜಮೀನಿನ ಉತಾರದಲ್ಲಿ ಹೆಸರು ಬದಲಿಸುವ ಮುಂಚೆ ಕಂದಾಯ ಇಲಾಖೆ ನೋಟಿಸ್ ಕೊಟ್ಟು ತಕರಾರಿಗೆ ಅವಕಾಶ ಇಡಬೇಕೆಂಬ ನಿಯಮ ಬಂದದ್ದು ರೈತರೆಲ್ಲ ನೋಟಿಸ್ ಓದುತ್ತಾರೆಂಬ ನಂಬಿಕೆಯಿಂದಲ್ಲ. 2024ರ ಕೊನೆಯಲ್ಲಿ ಇದೇ ವಿಜಯಪುರ ಜಿಲ್ಲೆಯಲ್ಲಿ ರೈತರ ಜಮೀನು ದಾಖಲೆಗಳಲ್ಲಿನ ವಕ್ಫ್ ನಮೂದಿನ ಗಲಾಟೆ ಎದ್ದಾಗ, ಹಕ್ಕು ಯಾರದೆಂಬ ಪ್ರಶ್ನೆಯ ಜೊತೆಗೇ ನಮಗೆ ತಿಳಿಸದೆ ದಾಖಲೆ ತಿದ್ದಿದ್ದೇಕೆ ಎಂಬ ಸಿಟ್ಟೂ ಇತ್ತು. ಡಿಸ್ಕಿನ ವಿಷಯದಲ್ಲಿ ಬೇಕಾದದ್ದು ಇಪ್ಪತ್ತು ಪುಟದ ಕರಾರಲ್ಲ. 48 ಅಂಕಿ, ಪಕ್ಕದಲ್ಲೊಂದು ಪ್ರಿಂಟ್ ಬಟನ್ ಇರುವ ಒಂದೇ ಪರದೆ. ಝೆರಾಕ್ಸ್ ಅಂಗಡಿಯಿಲ್ಲದ ಬೀದಿ ಯಾವುದಿದೆ?

ಇನ್ನೂ ಕಸಿವಿಸಿಯ ಸಂಗತಿಯೆಂದರೆ, ತಡೆಯುವ ದಾರಿ ಇಲ್ಲದಿಲ್ಲ. ಯಂತ್ರ ತಯಾರಿಸುವವರೂ ದೊಡ್ಡ ಸಂಸ್ಥೆಗಳ ಐಟಿ ವಿಭಾಗದವರೂ ಈ ತಾನಾಗಿ ಬೀಳುವ ಬೀಗವನ್ನು ಮೊದಲೇ ತಡೆಯಬಲ್ಲರು. ಆ ಸೆಟ್ಟಿಂಗನ್ನು ಮೈಕ್ರೋಸಾಫ್ಟೇ ಅವರಿಗೆ ವಿವರಿಸಿ ಕೊಟ್ಟಿದೆ. ಬಬಲೇಶ್ವರದ ಲ್ಯಾಪ್‌ಟಾಪಿನ ಒಡೆಯನಿಗೆ ಮಾತ್ರ ಅಂಥದ್ದೊಂದು ಇದೆಯೆಂದು ಹೇಳಿದವರಿಲ್ಲ.