ಡಾಕ್ಟರ್ ಹೇಳಿದ ಮೇಲೆ ಮುಗಿಯಿತೆ?

"ಡಾಕ್ಟರೇ ಹೇಳಿದ ಮೇಲೆ ಇನ್ನೇನು?" ಎಂಬ ಮಾತನ್ನು ಊರಿನಲ್ಲಿ ಕೇಳುತ್ತಲೇ ಬೆಳೆದವರು ನಾವು, ಮುಂದೆ ಡಾಕ್ಟರಾಗಿ ಆ ಮಾತಿನ ಸುಖವನ್ನೂ ಉಂಡವರು. ಆದ್ದರಿಂದ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅವರ 'ಒಬೀಡಿಯನ್ಸ್ ಟು ಅಥಾರಿಟಿ' (1974) ಪುಸ್ತಕವನ್ನು ಈಚೆಗೆ ಮತ್ತೆ ಓದಿದಾಗ ನಮಗೆ ಕೊಂಚ ಕಸಿವಿಸಿಯಾಯಿತು. ವಿಧೇಯತೆಯ ಬಗ್ಗೆ ಇಷ್ಟು ಹೆಸರಾದ ಪುಸ್ತಕ ಅಪರೂಪ. ಆದರೆ ಅವರು ಕಂಡದ್ದು ನಿಜವಾದರೂ ಕೊಟ್ಟ ಕಾರಣ ಅರೆಬೆಂದದ್ದು ಎಂದು ನಮ್ಮ ಅನಿಸಿಕೆ.

ಕಥೆ ಹಲವರಿಗೆ ಗೊತ್ತಿರಬಹುದು. ನಾಜಿ ಅಧಿಕಾರಿ ಐಖ್‌ಮನ್ನನ ವಿಚಾರಣೆ ಜೆರೂಸಲೇಮಿನಲ್ಲಿ ನಡೆದ 1961ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಈ ಪ್ರಯೋಗಗಳು ಶುರುವಾದವು. ನೆನಪಿನ ಶಕ್ತಿಯ ಅಧ್ಯಯನವೆಂದು ಹೇಳಿ, ನಾಲ್ಕೂವರೆ ಡಾಲರ್ ಕೊಟ್ಟು, ಸಾಮಾನ್ಯ ಜನರನ್ನು ಕರೆಸಿದರು. ಪಕ್ಕದ ಕೋಣೆಯಲ್ಲಿ ಕೂತವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಒಂದೊಂದು ಸ್ವಿಚ್ ಒತ್ತಬೇಕು: 15 ವೋಲ್ಟ್‌ನಿಂದ 450ರವರೆಗೆ 30 ಸ್ವಿಚ್ಚುಗಳು. ಶಾಕ್ ಸುಳ್ಳು, ಗೋಡೆ ಗುದ್ದಿದ್ದೂ ನಾಟಕ. ಕೊನೆಯ ಸ್ವಿಚ್ಚಿಗೆ ಹೋಗುವವರು ಸಾವಿರಕ್ಕೊಬ್ಬರು ಎಂದು ಮನೋವೈದ್ಯರು ಮೊದಲೇ ಅಂದಾಜು ಮಾಡಿದ್ದರು. 1963ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 40 ಜನರಲ್ಲಿ 26 ಜನ ಹೋಗಿದ್ದರು!

ಯಾಕೆ? ಅಧಿಕಾರದ ಮುಂದೆ ಮನುಷ್ಯನ ಮನಸ್ಸು ಬೇರೊಂದು ಸ್ಥಿತಿಗೆ ಹೊರಳುತ್ತದೆ, ತಾನು ಇನ್ನೊಬ್ಬರ ಕೈಯ ಉಪಕರಣ ಎಂದುಕೊಳ್ಳುತ್ತದೆ ಎಂಬುದು ಮಿಲ್‌ಗ್ರಾಮ್ ವಿವರಣೆ. ಆದರೆ ಅವರದೇ ಪುಸ್ತಕದ ಅಂಕಿಗಳು ಇದಕ್ಕೆ ಸರಿಯಾಗಿ ಒಪ್ಪುವುದಿಲ್ಲ. ಜೊತೆಗಿದ್ದ ಇಬ್ಬರು "ನಮ್ಮಿಂದಾಗದು" ಎಂದು ಎದ್ದಾಗ ಕೊನೆ ಮುಟ್ಟಿದವರು 40ರಲ್ಲಿ ನಾಲ್ವರು ಮಾತ್ರ. ಆಜ್ಞೆ ಫೋನಿನಲ್ಲಿ ಬಂದಾಗ ಐವರಲ್ಲಿ ಒಬ್ಬರಷ್ಟೇ. ಬುದ್ಧಿಯನ್ನು ಒತ್ತೆ ಇಟ್ಟವನಿಗೆ ಪಕ್ಕದವನ ಮಾತು ಇಷ್ಟು ಬೇಗ ಕೇಳಿಸೀತೆ? 2009ರಲ್ಲಿ ಜೆರ್ರಿ ಬರ್ಗರ್ ಈ ಪ್ರಯೋಗವನ್ನು 150 ವೋಲ್ಟ್‌ಗೆ ನಿಲ್ಲಿಸಿ ಮತ್ತೆ ನಡೆಸಿದರು. ಅದರಲ್ಲಿ "ನಿಮಗೆ ಬೇರೆ ದಾರಿಯಿಲ್ಲ, ಮುಂದುವರಿಸಲೇಬೇಕು" ಎಂದು ನೇರ ಆಜ್ಞೆ ಕೇಳಿದವರಲ್ಲಿ ಒಬ್ಬರೂ ಮುಂದುವರಿಸಲಿಲ್ಲ. ಹ್ಯಾಸ್ಲಮ್ ಮತ್ತು ರೈಖರ್ ಎಂಬ ಮನಶ್ಶಾಸ್ತ್ರಜ್ಞರು ಹೇಳುವುದು ನಮಗೆ ಹೆಚ್ಚು ಸರಿ ಕಾಣುತ್ತದೆ: ಜನ ಕುರುಡಾಗಿ ಪಾಲಿಸುವುದಿಲ್ಲ, ಇದು ಒಳ್ಳೆಯ ಕೆಲಸವೆಂದು ನಂಬಿ ಕೈಜೋಡಿಸುತ್ತಾರೆ.

ನಮ್ಮ ವೃತ್ತಿಯಲ್ಲೂ ಇಂಥದೇ ಪರೀಕ್ಷೆ ನಡೆದಿದೆ. 1966ರಲ್ಲಿ ಹಾಫ್ಲಿಂಗ್ ಪ್ರಕಟಿಸಿದ ಅಧ್ಯಯನದಲ್ಲಿ, ಗುರುತಿಲ್ಲದ "ಡಾಕ್ಟರ್" ಒಬ್ಬ ಫೋನಿನಲ್ಲಿ ಹೇಳಿದನೆಂದು, ಗೊತ್ತಿಲ್ಲದ ಔಷಧವನ್ನು ಡಬ್ಬಿಯ ಮೇಲಿನ ಮಿತಿಯ ಎರಡರಷ್ಟು ಕೊಡಲು 22 ನರ್ಸುಗಳಲ್ಲಿ 21 ಜನ ಹೊರಟಿದ್ದರು. ಆದರೆ 1977ರಲ್ಲಿ ಪರಿಚಿತ ಔಷಧವನ್ನೇ ಇಟ್ಟು, ಜೊತೆಯವರನ್ನು ಕೇಳಲು ಅವಕಾಶವನ್ನೂ ಕೊಟ್ಟಾಗ 18ರಲ್ಲಿ ಇಬ್ಬರು ಮಾತ್ರ ತಯಾರಾದರು. ತಿಳಿವಳಿಕೆ, ಜೊತೆಗೊಬ್ಬ ಸಂಗಾತಿ: ಇವೆರಡಿದ್ದರೆ "ಇಲ್ಲ" ಎನ್ನುವ ಧೈರ್ಯ ಬರುತ್ತದೆ.

ಈ ಧೈರ್ಯದ ಎದುರು ಕಡೆಯಲ್ಲಿ ನಾವೂ ಒಮ್ಮೆ ನಿಂತಿದ್ದೆವು. ರೆಸಿಡೆನ್ಸಿಯ ಮೊದಲ ಚಳಿಗಾಲ. ನಡುರಾತ್ರಿ ಫೋನಿನಲ್ಲಿ ಒಬ್ಬ ರೋಗಿಗೆ ಪೊಟ್ಯಾಸಿಯಂ ಡ್ರಿಪ್ ಹಾಕಿ ಎಂದೆವು. "ಡಾಕ್ಟರ್, ನಾನು ಹಾಕುವುದಿಲ್ಲ. ನೀವೇ ಬಂದು ನೋಡಿ" ಎಂದಳು ಬಿಳಿಯ ನರ್ಸ್. ನಮ್ಮ ಬಣ್ಣ, ನಮ್ಮ ಇಂಗ್ಲಿಷಿನ ಧಾಟಿ ಕಂಡೇ ಹೀಗೆ ಎಂದು ಕುದಿಯುತ್ತ ಮೆಟ್ಟಿಲಿಳಿದೆವು. ಚಾರ್ಟ್ ನೋಡಿದರೆ ಸಂಜೆಯ ರಿಪೋರ್ಟಿನಲ್ಲಿ ರೋಗಿಯ ಮೂತ್ರಪಿಂಡ ಕೈಕೊಟ್ಟಿತ್ತು. ಡ್ರಿಪ್ ಹಾಕಿದ್ದರೆ ಹೃದಯವೇ ನಿಲ್ಲಬಹುದಿತ್ತು. ಬಣ್ಣ ನೋಡಿ ನಮ್ಮನ್ನು ಕಡೆಗಣಿಸಿದವರು ಆ ದಿನಗಳಲ್ಲಿ ಇರಲಿಲ್ಲವೆಂದಲ್ಲ. ಆದರೆ ಆ ರಾತ್ರಿ ಪೂರ್ವಗ್ರಹ ಇದ್ದದ್ದು ನಮ್ಮಲ್ಲಿ.

'ನಾವು', 'ಅವರು' ಎಂಬ ಗೆರೆ ಎಷ್ಟು ಸುಲಭವಾಗಿ ಬೀಳುತ್ತದೆ ಎಂಬುದನ್ನು ಹೆನ್ರಿ ತಜ್ಫೆಲ್ ಬ್ರಿಸ್ಟಲ್‌ನ ಶಾಲಾ ಹುಡುಗರಲ್ಲಿ ತೋರಿಸಿದ್ದರು. ಯಾವ ಚಿತ್ರಕಾರ ಇಷ್ಟ ಎಂಬಷ್ಟರಿಂದ ಗುಂಪು ಮಾಡಿದರೂ ಹುಡುಗರು ತಮ್ಮ ಗುಂಪಿಗೇ ಹೆಚ್ಚು ಹಣ ಹಂಚಿದರು. ಮಿಲ್‌ಗ್ರಾಮ್ ಪುಸ್ತಕದ ದೊಡ್ಡ ಕೊರತೆ ಇಲ್ಲಿದೆ. ಅವರ ಪ್ರಯೋಗದಲ್ಲಿ ಪಕ್ಕದ ಕೋಣೆಯವನ ಮೇಲೆ ಯಾರಿಗೂ ದ್ವೇಷವಿರಲಿಲ್ಲ. ನಾಜಿಗಳಿಗೆ ಯೆಹೂದಿಗಳ ಮೇಲಿತ್ತು. "ಆಜ್ಞೆ ಪಾಲಿಸಿದೆ ಅಷ್ಟೆ" ಎಂದು ಕೋರ್ಟಿನಲ್ಲಿ ಹೇಳಿದ ಐಖ್‌ಮನ್, ಅರ್ಜೆಂಟೀನಾದಲ್ಲಿ ತಲೆಮರೆಸಿಕೊಂಡಿದ್ದ ಕಾಲದ ಟೇಪುಗಳಲ್ಲಿ ತನ್ನ ಕೆಲಸದ ಬಗ್ಗೆ ಹೆಮ್ಮೆಯಿಂದಲೇ ಮಾತಾಡಿದ್ದಾನೆ. ವಿಧೇಯತೆಯೊಂದನ್ನೇ ಕಾರಣವಾಗಿಸಿದರೆ ಅಂಥವನಿಗೆ ನಾವೇ ನೆಪ ಒದಗಿಸಿದಂತಾಗುತ್ತದೆ.

ಇಷ್ಟೆಲ್ಲ ತಕರಾರು ಇದ್ದರೂ ಪುಸ್ತಕವನ್ನು ಓದಿ ಎಂದೇ ಹೇಳುತ್ತೇವೆ, ಮುಖ್ಯವಾಗಿ ನಡುವೆಯೇ ಎದ್ದು ಹೋದವರ ಮಾತುಗಳಿಗಾಗಿ. ಮುಂದಿನ ಸಲ ನಮ್ಮಂಥ ಡಾಕ್ಟರರ ಬಳಿ ಹೋದಾಗ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ, "ಯಾಕೆ?" ಎಂದು ಕೇಳಿ. ಮನೆಯಲ್ಲಿ ಮಕ್ಕಳು ಅದನ್ನೇ ಕೇಳಿದರೆ "ಎದುರು ಮಾತಾಡಬೇಡ" ಎನ್ನಬೇಡಿ. ಆ ನರ್ಸಿಗೆ ನಾವು ಅಂದು ಥ್ಯಾಂಕ್ಸ್ ಹೇಳಲಿಲ್ಲ. ನಾಚಿಕೆ ಅಡ್ಡ ಬಂತು. ಆ ರೋಗಿ ಮಾತ್ರ ಹತ್ತು ದಿನಕ್ಕೆ ನಡೆದುಕೊಂಡೇ ಮನೆಗೆ ಹೋದ.